ಮಳೆ ಹೆಚ್ಚಿರುವ ತಂಪು ತೋಟದಲ್ಲಿ ಪರಿಮಳದ ಬಳ್ಳಿ ಗುಲಾಬಿ: ತಳಿ ಆಯ್ಕೆಯಿಂದ ಚಾಟನಿಯವರೆಗೆ

ಮಳೆ ಜಾಸ್ತಿ ಇರುವ ತಂಪು ಜಾಗದಲ್ಲಿ ಬಳ್ಳಿ ಗುಲಾಬಿ ಬರುವುದಿಲ್ಲ ಅನ್ನುವ ಮಾತು ಅರ್ಧ ಮಾತ್ರ ನಿಜ. ಬಳ್ಳಿಯೇನೋ ಹುಲುಸಾಗಿಯೇ ಬೆಳೆಯುತ್ತದೆ. ಸುಡುಬಿಸಿಲಿನ ಜಾಗಕ್ಕಿಂತ ಇಲ್ಲಿ ಹೂ ದೊಡ್ಡದಾಗುತ್ತದೆ, ಬಣ್ಣ ಗಾಢವಾಗಿರುತ್ತದೆ, ಗಿಡದ ಮೇಲೆ ಹೆಚ್ಚು ದಿನ ನಿಲ್ಲುತ್ತದೆ. ಕೆಡುವುದು ಎಲೆ ಮತ್ತು ಮೊಗ್ಗು. ಅದರಲ್ಲೂ ಎಷ್ಟು ಮಳೆ ಬಿತ್ತು ಅನ್ನುವುದಕ್ಕಿಂತ, ಬಿದ್ದ ನೀರು ಎಲೆಯ ಮೇಲೆ ಎಷ್ಟು ಹೊತ್ತು ಕೂತಿತ್ತು ಅನ್ನುವುದೇ ಮುಖ್ಯ. ಗುಲಾಬಿಯ ದೊಡ್ಡ ಶತ್ರುವಾದ ಕಪ್ಪು ಚುಕ್ಕೆ ರೋಗದ ಬೀಜಕಣ ಎಲೆಯೊಳಗೆ ಇಳಿಯಬೇಕಾದರೆ ಎಲೆ ಕನಿಷ್ಠ 7 ಗಂಟೆ ಒಂದೇ ಸಮನೆ ಒದ್ದೆಯಾಗಿರಬೇಕು. ಅಷ್ಟರೊಳಗೆ ಎಲೆ ಒಣಗಿತೋ, ಆ ಸಲಕ್ಕೆ ಗಿಡ ಪಾರಾಯಿತು. ಯಾವ ತಳಿ, ಯಾವ ಗೋಡೆ, ಗೋಡೆಗೂ ತಂತಿಗೂ ಎಷ್ಟು ಅಂತರ, ಎಷ್ಟು ಕೊಂಬೆ ಉಳಿಸಬೇಕು, ಇವೆಲ್ಲವನ್ನೂ ತೀರ್ಮಾನಿಸುವಾಗ ಈ 7 ಗಂಟೆಯ ಲೆಕ್ಕ ತಲೆಯಲ್ಲಿರಲಿ.

ತಳಿ: ಎಸಳು ಕಡಿಮೆಯಿದ್ದಷ್ಟೂ ಒಳ್ಳೆಯದು

ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ನೂರು ಎಸಳಿನ, ಬಟ್ಟಲಿನಂಥ ತುಂಬು ಹೂ. ಮಳೆ ತೋಟದಲ್ಲಿ ಮೊದಲು ಕೈಕೊಡುವುದೂ ಅದೇ. ತೆಳುವಾದ ಎಸಳು ಒತ್ತೊತ್ತಾಗಿರುವ ಮೊಗ್ಗು ಅರಳುವ ಹೊತ್ತಿಗೆ ಮಳೆಗೆ ಸಿಕ್ಕಿ, ಮೇಲೆ ಒಂದಿಷ್ಟು ಬಿಸಿಲು ಬಿದ್ದರೆ, ಹೊರಗಿನ ಎಸಳುಗಳು ಒಂದಕ್ಕೊಂದು ಅಂಟಿ ಒಣಗಿ ಕಾಗದದ ಪೊರೆಯಂತಾಗುತ್ತವೆ. ಒಳಗಿನ ಹೂ ಅದನ್ನು ಒಡೆದು ಹೊರಬರಲಾರದೆ ಅಲ್ಲೇ ಕಂದಿ ಕೊಳೆಯುತ್ತದೆ. ಇದನ್ನು ಮೊಗ್ಗು ಉಂಡೆಗಟ್ಟುವುದು ಎನ್ನೋಣ. ಇದು ರೋಗವಲ್ಲ. ಬೂದು ಬೂಷ್ಟು ಬರುವುದು ಆಮೇಲೆ, ಸತ್ತ ಎಸಳಿನ ಮೇಲೆ. ಹಾಗಾಗಿ ಔಷಧಿ ಹೊಡೆದು ಉಂಡೆಗಟ್ಟುವುದನ್ನು ನಿಲ್ಲಿಸಲಾಗದು, ತಳಿ ಆರಿಸುವಾಗಲೇ ತಪ್ಪಿಸಬೇಕು.

ಹಾಗಾದರೆ ಎಂಥದ್ದನ್ನು ಆರಿಸುವುದು? 15ರಿಂದ 40 ಎಸಳು, ಎಸಳು ಸ್ವಲ್ಪ ದಪ್ಪ, ಮೊಗ್ಗು ಮೊನಚು, ಎಲೆ ದಪ್ಪವಾಗಿ ಮಿರಮಿರ ಮಿಂಚುವಂಥದ್ದು. ಇದರ ಮೇಲೆ ಪರಿಮಳ. ಇವೆಲ್ಲ ಕೂಡಿರುವ ತಳಿಗಳು ಬೆರಳೆಣಿಕೆಯಷ್ಟು.

ನ್ಯೂ ಡಾನ್ 1930ರಲ್ಲಿ ಬಂದ ತಳಿ. ಅಮೆರಿಕದಲ್ಲಿ ಸಸ್ಯವೊಂದಕ್ಕೆ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಸಿಕ್ಕಿದ್ದು ಇದಕ್ಕೇ, 1931ರಲ್ಲಿ. ತಿಳಿಗುಲಾಬಿ ಬಣ್ಣ, ಬಲವಾದ ಎಲೆ, 4ರಿಂದ 6 ಮೀಟರ್ ಹಬ್ಬುತ್ತದೆ. ಪರಿಮಳ ಇದೆ, ಆದರೆ ಹಗುರ. ಮೊದಲ ಸಲ ಬೆಳೆಸುವವರಿಗೆ ಇದು ಧೈರ್ಯದ ಆಯ್ಕೆ. ಪರಿಮಳವೇ ಮುಖ್ಯ ಅನ್ನುವವರು ಕಂಪ್ಯಾಷನ್ ನೋಡಬೇಕು: 1970ರ ದಶಕದ ತಳಿ, ಏಪ್ರಿಕಾಟ್ ಛಾಯೆಯ ಗುಲಾಬಿ ಬಣ್ಣ, ಗಾಢ ಸಿಹಿ ವಾಸನೆ, ಎತ್ತರ ಸುಮಾರು 3 ಮೀಟರ್. ಕೊಂಬೆ ಮಾತ್ರ ಬಿರುಸು, ಎಳೆಯದಿರುವಾಗಲೇ ಬಗ್ಗಿಸಬೇಕು. ಬಿಸಿಲು ಕಡಿಮೆ ಬೀಳುವ ಗೋಡೆಯಾದರೆ ಮದಾಮ್ ಆಲ್ಫ್ರೆಡ್ ಕ್ಯಾರಿಯೇರ್. 1879ರ ಈ ಹಳೆಯ ಬಿಳಿ ತಳಿ ಅರೆನೆರಳಲ್ಲೂ ಹೂ ಬಿಡುತ್ತದೆ, ಮುಳ್ಳು ಕಡಿಮೆ, ಜಾಗ ಮಾತ್ರ ಧಾರಾಳವಾಗಿ ಬೇಕು, 5 ಮೀಟರ್‌ಗೂ ಮೀರಿ ಹೋಗುತ್ತದೆ. ಕಂಬಕ್ಕೆ ಹಬ್ಬಿಸಲು ವೆಸ್ಟರ್‌ಲ್ಯಾಂಡ್ ಚೆನ್ನ: 1969ರದು, ಕಿತ್ತಳೆ ಬಣ್ಣದ ಸಡಿಲ ಹೂ, ಒಳ್ಳೆಯ ವಾಸನೆ, 2ರಿಂದ 3 ಮೀಟರ್ ಎತ್ತರ.

ಎರಡು ತಳಿಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. 1868ರ ಜೆಫಿರೀನ್ ದ್ರುಯಾಂ ಮುಳ್ಳಿಲ್ಲದ್ದು, ಪರಿಮಳವೂ ಸೊಗಸು, ಅದಕ್ಕೇ ಎಲ್ಲರೂ ಕೊಳ್ಳುತ್ತಾರೆ. ಮಳೆಗಾಲ ಕಳೆಯುವುದರೊಳಗೆ ಕಪ್ಪು ಚುಕ್ಕೆಗೆ ಎಲೆಯೆಲ್ಲ ಉದುರಿ ಬೋಳಾಗಿ ನಿಂತಿರುತ್ತದೆ. ಸುವೆನೀರ್ ದ ಲಾ ಮಾಲ್ಮೆಜೋಂನ ಬಳ್ಳಿ ರೂಪ ಇನ್ನೂ ನಾಜೂಕು. ಒಣ ಹವೆಯಲ್ಲಿ ಅದರಷ್ಟು ಚೆಂದದ ಹೂ ಅಪರೂಪ, ತೇವದ ಹವೆಯಲ್ಲಿ ಹತ್ತಕ್ಕೆ ಎಂಟು ಮೊಗ್ಗು ಉಂಡೆಗಟ್ಟಿದರೂ ಆಶ್ಚರ್ಯವಿಲ್ಲ. ಇವೆರಡೂ ಬೇಕೇಬೇಕು ಅನ್ನುವವರು ಅಗಲವಾದ ಸೂರಿನ ಕೆಳಗೆ, ಗಾಳಿ ಓಡಾಡುವ ಕಡೆ ನೆಡಬಹುದು.

ಕೊಳ್ಳುವಾಗ ಇನ್ನೊಂದು ಪ್ರಶ್ನೆ ಕೇಳಿ: ಇದು ಮತ್ತೆ ಮತ್ತೆ ಹೂ ಬಿಡುವುದೋ, ವರ್ಷಕ್ಕೊಮ್ಮೆ ಬಿಡುವುದೋ? ರ‍್ಯಾಂಬ್ಲರ್ ಎಂದು ಮಾರುವ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ, ಹಿಂದಿನ ವರ್ಷದ ಕೊಂಬೆಯ ಮೇಲೆ ಹೂ ಬಿಡುತ್ತವೆ. ಅವುಗಳ ಚಾಟನಿ, ಅಂದರೆ ಕೊಂಬೆ ಸವರುವ ಕ್ರಮ, ಬೇರೆ. ಆ ಒಂದು ಸುಗ್ಗಿ ಜಡಿಮಳೆಯ ವಾರಕ್ಕೇ ಬಿದ್ದರೆ ಆ ವರ್ಷ ಹೂ ಇಲ್ಲ. ಮಳೆ ತೋಟಕ್ಕೆ ಮರುಹೂವಿನ ತಳಿಯೇ ಸರಿ, ಒಂದು ಸರದಿ ಕೊಚ್ಚಿಹೋದರೂ 6ರಿಂದ 8 ವಾರಕ್ಕೆ ಇನ್ನೊಂದು ಬರುತ್ತದೆ.

ಜಾಗ: ಬೆಳಗಿನ ಬಿಸಿಲು ಬೀಳುವ ಗೋಡೆ

ದಿನಕ್ಕೆ 5ರಿಂದ 6 ಗಂಟೆ ಬಿಸಿಲು ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಮಳೆ ತೋಟದಲ್ಲಿ ಅದು ಯಾವ ಹೊತ್ತಿನ ಬಿಸಿಲು ಅನ್ನುವುದನ್ನೂ ನೋಡಬೇಕು. ರಾತ್ರಿ ಕೂತ ಇಬ್ಬನಿ, ನಸುಕಿನ ಸೋನೆ, ಇವೆಲ್ಲ ಬೇಗ ಆರಬೇಕಾದರೆ ಪೂರ್ವದ ಬಿಸಿಲು ಬೇಕು. ಸಂಜೆ ಮಾತ್ರ ಬಿಸಿಲು ಕಾಣುವ ಗೋಡೆಯ ಬಳಿ ಎಲೆ ಮಧ್ಯಾಹ್ನದವರೆಗೂ ಒದ್ದೆಯಿರುತ್ತದೆ. ಸಂಜೆಯಿಂದ ಮಧ್ಯಾಹ್ನ, 7 ಗಂಟೆ ಎಂದೋ ದಾಟಿರುತ್ತದೆ.

ಪರಿಮಳಕ್ಕೂ ಜಾಗಕ್ಕೂ ನಂಟಿದೆ. ಗುಲಾಬಿಯ ವಾಸನೆ ಎಸಳಿನಿಂದ ಆವಿಯಾಗುವ ಎಣ್ಣೆಯಂಶಗಳದ್ದು, ಜೆರಾನಿಯಾಲ್, ಸಿಟ್ರೊನೆಲೋಲ್ ಮುಂತಾದವು. ಚಳಿಯಲ್ಲಿ ಅವು ಏಳುವುದೇ ಕಡಿಮೆ, ಗಾಳಿ ಬೀಸಿದರೆ ಎದ್ದದ್ದೂ ಹಾರಿಹೋಗುತ್ತದೆ. ಇಟ್ಟಿಗೆ ಅಥವಾ ಕಲ್ಲಿನ ಗೋಡೆ ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಅದರ ಮುಂದಿನ ಹೂವಿಗೆ ಒಂದೆರಡು ಡಿಗ್ರಿ ಬೆಚ್ಚಗಿನ ಗಾಳಿ ಸಿಗುತ್ತದೆ. ಕೂರುವ ಕಟ್ಟೆ, ಬಾಗಿಲು, ತೆರೆದಿಡುವ ಕಿಟಕಿ ಹತ್ತಿರವಿದ್ದರಂತೂ ಬೆಳೆಸಿದ್ದು ಸಾರ್ಥಕ. ಬೇಲಿಯ ತುದಿಯಲ್ಲಿ ಗಾಳಿಗೆ ಒಡ್ಡಿಕೊಂಡ ಬಳ್ಳಿ ಎಷ್ಟೇ ಹೂ ಬಿಟ್ಟರೂ ಮೂಗಿಗೆ ಸಿಗುವುದು ಕಡಿಮೆ. ಹಾಗಂತ ನಾಲ್ಕೂ ಕಡೆ ಮುಚ್ಚಿದ ಮೂಲೆಯೂ ಬೇಡ, ಅಲ್ಲಿ ಎಲೆ ಒಣಗುವುದಿಲ್ಲ. ಒಂದು ಕಡೆ ಗೋಡೆಯ ಆಸರೆ, ಮಿಕ್ಕ ಕಡೆ ಗಾಳಿಗೆ ದಾರಿ, ಇಷ್ಟಿದ್ದರೆ ಸಾಕು.

ಸೂರಿನಿಂದ ನೀರು ಸುರಿಯುವ ಗೆರೆಗೆ ನೇರವಾಗಿ ನೆಡಬೇಡಿ. ಧಾರೆ ಬಿದ್ದಲ್ಲಿ ಮಣ್ಣು ಸಿಡಿಯುತ್ತದೆ, ಮೊಗ್ಗು ಮುರಿಯುತ್ತದೆ.

ನೀರು ಇಂಗುವುದೋ ನಿಲ್ಲುವುದೋ

ಇದನ್ನು ಊಹೆಗೆ ಬಿಡದೆ ಪರೀಕ್ಷಿಸಿಯೇ ನೋಡಿ. ನೆಡುವ ಜಾಗದಲ್ಲಿ 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಎರಡನೇ ಸಲ ತುಂಬಿಸಿ, ಒಂದು ಕೋಲು ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯಿತು ನೋಡಿ. ಗಂಟೆಗೆ 2.5 ಸೆಂಟಿಮೀಟರ್‌ಗಿಂತ ಹೆಚ್ಚು ಇಳಿದರೆ ನೆಡಬಹುದು. ಕಡಿಮೆಯಾದರೆ ಆ ಗುಂಡಿ ಮಳೆಗಾಲದಲ್ಲಿ ಬಾವಿಯಾಗುತ್ತದೆ, ಗಾಳಿ ಸಿಗದೆ ಬೇರು ಕೊಳೆಯುತ್ತದೆ.

ಅಂಟುಮಣ್ಣಿನ ಗುಂಡಿಯ ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸರಿಹೋಗುವುದಿಲ್ಲ. ಸುತ್ತಲಿನ ಮಣ್ಣು ನೀರು ಬಿಟ್ಟುಕೊಡದಿದ್ದಾಗ ಜಲ್ಲಿಯ ಸಂದಿಯಲ್ಲೂ ನೀರೇ ನಿಲ್ಲುತ್ತದೆ. ಪರಿಹಾರ ಕೆಳಗಿಲ್ಲ, ಮೇಲಿದೆ: 25ರಿಂದ 30 ಸೆಂಟಿಮೀಟರ್ ಎತ್ತರ, ಒಂದು ಮೀಟರ್ ಅಗಲದ ಏರುಮಡಿ ಮಾಡಿ ಅದರ ಮೇಲೆ ನೆಡಿ. ಏರುಮಡಿಯ ಮಣ್ಣನ್ನು ಮನೆಗೋಡೆಗೆ ತಾಗಿಸಿ ಪೇರಿಸಬೇಡಿ, ಗೋಡೆಗೆ ತೇವ ಹತ್ತುತ್ತದೆ.

ಹೆಚ್ಚು ಮಳೆ ಬೀಳುವ ಮಣ್ಣಿನಲ್ಲಿ ಸುಣ್ಣದಂಶ ತೊಳೆದುಹೋಗಿ ಹುಳಿ ಹೆಚ್ಚುತ್ತದೆ. ಈ ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಗುಲಾಬಿಗೆ ಬೇಕಾದ ಪಿಎಚ್ 6ರಿಂದ 7ರ ನಡುವೆ, 6.5 ಇದ್ದರೆ ಬಲು ಚೆನ್ನ. ಪರೀಕ್ಷೆಯಲ್ಲಿ 6ಕ್ಕಿಂತ ಕಡಿಮೆ ಬಂದರೆ ನೆಡುವುದಕ್ಕೆ ಒಂದೂವರೆ ಎರಡು ತಿಂಗಳು ಮೊದಲು ಚದರ ಮೀಟರಿಗೆ 100ರಿಂದ 150 ಗ್ರಾಂ ಸುಣ್ಣದ ಕಲ್ಲಿನ ಪುಡಿ ಬೆರೆಸಿ. ಹಸಿ ಸಗಣಿ ಗೊಬ್ಬರದ ಜೊತೆಯಲ್ಲೇ ಹಾಕಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ, ನಡುವೆ ಕೆಲವು ವಾರ ಬಿಡಿ. ಪರೀಕ್ಷೆ ಮಾಡದೆ ಸುಣ್ಣ ಹಾಕಲೇಬೇಡಿ. ಪಿಎಚ್ ಏರಿಹೋದರೆ ಗಿಡಕ್ಕೆ ಕಬ್ಬಿಣ ಸಿಗದೆ ಚಿಗುರು ಹಳದಿಯಾಗುತ್ತದೆ, ಅದನ್ನು ಇಳಿಸುವುದು ಏರಿಸಿದಷ್ಟು ಸುಲಭವಲ್ಲ.

ಅದೇ ಜಾಗದಲ್ಲಿ ಹಿಂದೆ ವರ್ಷಗಟ್ಟಲೆ ಗುಲಾಬಿ ಇತ್ತೇ? ಹಾಗಿದ್ದರೆ ಹೊಸ ಸಸಿ ಅಲ್ಲಿ ಕುಂಟುತ್ತದೆ. ಬೇರೆ ಜಾಗವಿಲ್ಲದಿದ್ದರೆ 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳದಷ್ಟು ಮಣ್ಣು ತೆಗೆದು, ಗುಲಾಬಿ ಕಾಣದ ಕಡೆಯ ಮಣ್ಣು ತುಂಬಿಸಿ.

ನೆಡುವ ಮೊದಲೇ ತಂತಿ

ಸಸಿ ನೆಟ್ಟ ಮೇಲೆ ಗೋಡೆಗೆ ಡ್ರಿಲ್ ಹಿಡಿದು ನಿಂತರೆ ಸಸಿಯನ್ನೇ ತುಳಿಯಬೇಕಾಗುತ್ತದೆ. ತಂತಿ ಕೆಲಸ ಮೊದಲು ಮುಗಿಸಿ.

2ರಿಂದ 3 ಮಿಲಿಮೀಟರ್ ದಪ್ಪದ, ತುಕ್ಕು ಹಿಡಿಯದಂತೆ ಸತುವು ಲೇಪಿಸಿದ ಜಿಐ ತಂತಿ, ತುದಿಯಲ್ಲಿ ಉಂಗುರವಿರುವ ಐ ಸ್ಕ್ರೂ, ಗೋಡೆಗೆ ಪ್ಲಗ್, ಪ್ರತಿ ಸಾಲಿನ ಒಂದು ತುದಿಗೆ ತಂತಿ ಬಿಗಿಯುವ ಟರ್ನ್‌ಬಕಲ್. ಮೊದಲ ತಂತಿ ನೆಲದಿಂದ 45 ಸೆಂಟಿಮೀಟರ್ ಮೇಲೆ, ಆಮೇಲೆ ಪ್ರತಿ 35ರಿಂದ 40 ಸೆಂಟಿಮೀಟರ್‌ಗೆ ಒಂದು. ಐ ಸ್ಕ್ರೂಗಳ ನಡುವೆ 1.5ರಿಂದ 1.8 ಮೀಟರ್. ತಂತಿ ಗೋಡೆಯಿಂದ ಕನಿಷ್ಠ 8 ಸೆಂಟಿಮೀಟರ್ ದೂರ ನಿಲ್ಲಬೇಕು, 10 ಆದರೂ ತಪ್ಪಿಲ್ಲ, ಅಷ್ಟು ಉದ್ದದ ಸ್ಕ್ರೂ ಕೇಳಿ ತನ್ನಿ. ಇದರಲ್ಲಿ ಮಾತ್ರ ರಾಜಿ ಬೇಡ. ಗೋಡೆಗೂ ಎಲೆಗೂ ನಡುವೆ ಗಾಳಿ ನುಗ್ಗದಿದ್ದರೆ ಹಿಂಬದಿಯ ಎಲೆಗಳು ದಿನವಿಡೀ ಒದ್ದೆಯಿರುತ್ತವೆ, ರೋಗ ಶುರುವಾಗುವುದು ಕಣ್ಣಿಗೆ ಕಾಣದ ಆ ಬದಿಯಿಂದಲೇ. ಗೋಡೆಗೆ ಅಂಟಿಸಿ ಹೊಡೆದ ಮರದ ಜಾಲರಿಯಲ್ಲೂ ಇದೇ ತೊಂದರೆ. ಜಾಲರಿಯೇ ಬೇಕಿದ್ದರೆ ಹಿಂದೆ ಮರದ ತುಂಡು ಕೊಟ್ಟು ಗೋಡೆಯಿಂದ ದೂರ ನಿಲ್ಲಿಸಿ.

ಗೋಡೆ ಇಲ್ಲದವರಿಗೆ ಕಂಬ ಒಳ್ಳೆಯದು. ಸುತ್ತಲೂ ಗಾಳಿ ಆಡುವುದರಿಂದ ಎಲೆ ಗೋಡೆಗಿಂತ ಬೇಗ ಒಣಗುತ್ತದೆ. 3 ಮೀಟರ್ ಕಂಬದಲ್ಲಿ 60 ಸೆಂಟಿಮೀಟರ್ ನೆಲದೊಳಗೆ ಹೋಗಲಿ. ನೆನೆದ ಎಲೆ, ಹೂವಿನ ಭಾರಕ್ಕೆ ಗಾಳಿಯೂ ಸೇರಿದರೆ ಸಡಿಲ ಕಂಬ ವಾಲುತ್ತದೆ.

ನೆಡುವ ಕ್ರಮ

ಎಲೆ ಉದುರುವಷ್ಟು ಚಳಿ ಬೀಳುವ ಕಡೆ ಬರಿಬೇರಿನ ಸಸಿಯನ್ನು ಗಿಡ ನಿದ್ದೆಯಲ್ಲಿರುವ ತಿಂಗಳುಗಳಲ್ಲಿ ನೆಡುತ್ತಾರೆ. ಮಣ್ಣು ಹೆಪ್ಪುಗಟ್ಟಿರಬಾರದು, ಕೆಸರಾಗಿಯೂ ಇರಬಾರದು. ಚಳಿ ಅಷ್ಟಿಲ್ಲದ ಕಡೆ ಕುಂಡದ ಸಸಿಯನ್ನು ಜಡಿಮಳೆ ನಿಂತ ಮೇಲೆ ನೆಡುವುದು ವಾಸಿ, ಬೇರು ಬಿಟ್ಟುಕೊಳ್ಳಲು ಮುಂದಿನ ಮಳೆಗಾಲದವರೆಗೆ ಸಮಯ ಸಿಗುತ್ತದೆ.

ಬರಿಬೇರಿನ ಸಸಿಯಾದರೆ ಬಕೆಟ್ ನೀರಿನಲ್ಲಿ ಬೇರು 2 ಗಂಟೆ ಮುಳುಗಿರಲಿ. ಮುರಿದ, ಕಪ್ಪಾದ ಬೇರು ಕತ್ತರಿಸಿ. ಗುಂಡಿ 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ. ಗೋಡೆಯಿಂದ ಗುಂಡಿಯ ನಡುವಿಗೆ 45 ಸೆಂಟಿಮೀಟರ್ ಬಿಡಿ. ಎಷ್ಟೇ ಮಳೆ ಸುರಿದರೂ ಗೋಡೆಯ ಬುಡ ಒಣಗಿರುತ್ತದೆ, ಸೂರೂ ಗೋಡೆಯೂ ಮಳೆಗೆ ಅಡ್ಡ ನಿಲ್ಲುತ್ತವೆ. ಸುತ್ತಲೂ ನೀರು ಹರಿಯುತ್ತಿರುವಾಗ ಬಳ್ಳಿ ಮಾತ್ರ ಬಾಯಾರಿ ನಿಂತಿರುವುದು ಮಳೆ ತೋಟಗಳಲ್ಲಿ ಹೊಸದೇನಲ್ಲ.

ಗುಂಡಿಯಿಂದ ತೆಗೆದ ಮಣ್ಣಿಗೆ ಮೂರರಲ್ಲಿ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಬೆರೆಸಿ. ರಾಸಾಯನಿಕ ಗೊಬ್ಬರ ಗುಂಡಿಗೆ ಬೇಡ, ಎಳೆ ಬೇರು ಸುಡುತ್ತದೆ. ತಳದಲ್ಲಿ ಮಣ್ಣಿನ ಗುಪ್ಪೆ ಮಾಡಿ, ಅದರ ಮೇಲೆ ಸಸಿ ಕೂರಿಸಿ, ಬೇರುಗಳನ್ನು ಗೋಡೆಯಿಂದ ಹೊರಮುಖವಾಗಿ ಹರಡಿ. ಸಸಿಯ ಕಾಂಡ ಗೋಡೆಯ ಕಡೆಗೆ ಸುಮಾರು 45 ಡಿಗ್ರಿ ವಾಲಿರಲಿ.

ಕಸಿ ಗಂಟು, ಅಂದರೆ ಕಾಂಡದ ಬುಡದಲ್ಲಿ ಕಸಿ ಕೂಡಿಸಿದ ಉಬ್ಬು, ಎಲ್ಲಿರಬೇಕು ಅನ್ನುವುದು ಚಳಿಯ ಮೇಲೆ ನಿಂತಿದೆ. ಮಣ್ಣು ಹೆಪ್ಪುಗಟ್ಟುವಷ್ಟು ಚಳಿಯಿದ್ದರೆ ಗಂಟು 3ರಿಂದ 5 ಸೆಂಟಿಮೀಟರ್ ಮಣ್ಣಿನೊಳಗೆ. ಅಂಥ ಚಳಿಯಿಲ್ಲದೆ ಬರೀ ಮಳೆಯಿರುವ ಕಡೆ ಗಂಟು ಮಣ್ಣಿನ ಮಟ್ಟಕ್ಕೆ ಅಥವಾ ಎರಡು ಬೆರಳು ಮೇಲೆ, ಇಲ್ಲದಿದ್ದರೆ ತೇವಕ್ಕೆ ಕೊಳೆಯಬಹುದು. ಮಣ್ಣು ತುಂಬಿ, ಕೈಯಿಂದ ಒತ್ತಿ, 10 ಲೀಟರ್ ನೀರು ನಿಧಾನವಾಗಿ ಹೊಯ್ಯಿರಿ. ಒದ್ದೆ ಅಂಟುಮಣ್ಣನ್ನು ಕಾಲಿನಿಂದ ತುಳಿದರೆ ಇಟ್ಟಿಗೆಯಾಗುತ್ತದೆ.

ಕೊನೆಗೆ ಹೊದಿಕೆ: ಕಾಂಪೋಸ್ಟ್, ಮರದ ತೊಗಟೆಯ ಚೂರು, ಒಣ ಎಲೆ, ಯಾವುದಾದರೂ ಸರಿ, 5ರಿಂದ 7 ಸೆಂಟಿಮೀಟರ್ ದಪ್ಪ. ಗುಲಾಬಿಯ ಎಲೆ ಮಾತ್ರ ಬೇಡ. ಕಾಂಡದಿಂದ ನಾಲ್ಕು ಬೆರಳು ದೂರವಿರಲಿ. ಮಳೆಹನಿ ನೆಲಕ್ಕೆ ಬಿದ್ದು ಸಿಡಿಯುವಾಗ ಮಣ್ಣಿನ ಮೇಲಿನ ಬೀಜಕಣವನ್ನೂ ಕೆಳ ಎಲೆಗೆ ಎರಚುತ್ತದೆ. ಈ ಸಿಡಿತ ತಡೆಯುವುದೇ ಇಲ್ಲಿ ಹೊದಿಕೆಯ ದೊಡ್ಡ ಕೆಲಸ.

ಮೊದಲ ಎರಡು ವರ್ಷ: ಬಗ್ಗಿಸಿ ಕಟ್ಟುವುದು

ಹೊಸಬರು ಹೆಚ್ಚು ತಪ್ಪುವುದು ಇಲ್ಲಿಯೇ. ಬಳ್ಳಿ ಸೊಂಪಾಗಿ ಮೇಲಕ್ಕೆ ಓಡಿತೆಂದು ಖುಷಿಪಟ್ಟು ಬಿಟ್ಟುಬಿಡುತ್ತಾರೆ. ಮೂರನೇ ವರ್ಷ ನೋಡಿದರೆ ತುದಿಯಲ್ಲೊಂದು ಹೂವಿನ ತುರಾಯಿ, ಕೆಳಗೆ ಆಳೆತ್ತರದ ಬರಿ ಕೋಲು. ಕಾರಣ ಸರಳ. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಚಿಗುರು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಗೆ ಕಳಿಸುತ್ತಾ ಕೆಳಗಿನ ಕಣ್ಣುಗಳನ್ನು, ಅಂದರೆ ಚಿಗುರು ಒಡೆಯುವ ಮೊಳಕೆಗಳನ್ನು, ಮಲಗಿಸಿಡುತ್ತದೆ. ಅದೇ ಕೊಂಬೆಯನ್ನು ಅಡ್ಡಕ್ಕೆ ಬಗ್ಗಿಸಿದರೆ ತುದಿಯ ಹಿಡಿತ ಸಡಿಲವಾಗಿ, ಉದ್ದಕ್ಕೂ ಗೆಣ್ಣುಗೆಣ್ಣಿಗೆ ಕಣ್ಣು ಒಡೆಯುತ್ತದೆ. ಒಂದೊಂದು ಕಣ್ಣಿನಿಂದ ಗೇಣುದ್ದದ ಅಡ್ಡಚಿಗುರು, ಅದರ ತುದಿಗೆ ಹೂ.

ಹೊಸ ಕೊಂಬೆ ತೀರಾ ಎಳೆಯದಿದ್ದಾಗ ಬುಡದಲ್ಲೇ ಕಳಚಿ ಬೀಳುತ್ತದೆ, ಬಲಿತ ಮೇಲೆ ಬಗ್ಗುವುದೇ ಇಲ್ಲ. ನಡುವಿನ ಹದ ಹಿಡಿಯಬೇಕು: ಕೆಂಪು ಛಾಯೆ ಹೋಗಿ ಹಸಿರಾಗಿ, ಬೆರಳಲ್ಲಿ ಒತ್ತಿದರೆ ಗಟ್ಟಿ ಅನ್ನಿಸಬೇಕು, ಆದರೂ ಬಾಗಬೇಕು. ಒಂದೇ ದಿನ ಪೂರ್ತಿ ಬಗ್ಗಿಸದೆ ವಾರಕ್ಕೊಮ್ಮೆ 15 ಸೆಂಟಿಮೀಟರ್‌ನಂತೆ ಎಳೆದು ಕಟ್ಟುತ್ತಾ ಬನ್ನಿ. ಕಂಪ್ಯಾಷನ್‌ನಂಥ ಬಿರುಸು ಕೊಂಬೆಗೆ ಇದೊಂದೇ ದಾರಿ. ಬಲವಾದ ಕೊಂಬೆಗಳನ್ನು ಹೆಚ್ಚುಕಡಿಮೆ ಮಟ್ಟಸವಾಗಿ, ಬಡಕಲು ಕೊಂಬೆಗಳನ್ನು 45 ಡಿಗ್ರಿ ಓರೆಯಾಗಿ ಬೀಸಣಿಗೆಯಂತೆ ಹರಡಿ. ಬಡಕಲು ಕೊಂಬೆಯನ್ನು ಪೂರ್ತಿ ಮಲಗಿಸಿದರೆ ಅದರ ಬೆಳವಣಿಗೆಯೇ ನಿಂತುಹೋಗುತ್ತದೆ. ಕಂಬವಾದರೆ ಕೊಂಬೆಗಳನ್ನು ಸುರುಳಿಯಾಗಿ ಸುತ್ತಿ.

ಕಟ್ಟಲು ಸೆಣಬಿನ ಹುರಿ ಅಥವಾ ಹಳೆಯ ಹತ್ತಿಬಟ್ಟೆಯ ಪಟ್ಟಿ ಸಾಕು. ತಂತಿಗೂ ಕೊಂಬೆಗೂ ನಡುವೆ ಹುರಿ ಎಂಟರ ಆಕಾರದಲ್ಲಿ ಅಡ್ಡಹಾಯಬೇಕು, ಒಳಗೆ ಕಿರುಬೆರಳು ತೂರುವಷ್ಟು ಸಡಿಲವಿರಬೇಕು. ಕೊಂಬೆಯನ್ನು ತಂತಿಯ ಹಿಂದೆ ತೂರಿಸಬೇಡಿ. ಎರಡು ವರ್ಷಕ್ಕೆ ಅದು ದಪ್ಪವಾಗಿ ತಂತಿಯನ್ನೇ ಎಳೆಯುತ್ತದೆ, ಚಾಟನಿ ಹೊತ್ತಿಗೆ ಬಿಡಿಸಲೂ ಬಾರದು. ಎಲ್ಲವೂ ತಂತಿಯ ಮುಂಬದಿಯಲ್ಲೇ ಇರಲಿ. ಒಂದು ಕೊಂಬೆಗೂ ಇನ್ನೊಂದಕ್ಕೂ 20 ಸೆಂಟಿಮೀಟರ್ ಅಂತರ ಬಿಡಿ. ಹೆಚ್ಚಿಗೆ ಬಂದರೆ ಮನಸ್ಸು ಗಟ್ಟಿಮಾಡಿ ತೆಗೆಯಿರಿ.

ಈ ಎರಡು ವರ್ಷ ಒಣಗಿದ, ಮುರಿದ ಕೊಂಬೆ ಬಿಟ್ಟು ಬೇರೇನೂ ಕತ್ತರಿಸುವುದು ಬೇಡ. ಮೊದಲ ವರ್ಷ ಹೂ ಕಡಿಮೆ, ಬೇರು ಕೆಲಸ ಮಾಡುತ್ತಿರುತ್ತದೆ. ಪೂರ್ತಿ ಸುಗ್ಗಿ ಮೂರನೇ ವರ್ಷಕ್ಕೆ. ಗೋಡೆಯ ಬುಡದಲ್ಲಿ ಬೆರಳು ಇಳಿಸಿ ನೋಡಿ, 5 ಸೆಂಟಿಮೀಟರ್ ಆಳದಲ್ಲೂ ಒಣಗಿದ್ದರೆ ಮಳೆಗಾಲವೇ ಆಗಿರಲಿ ವಾರಕ್ಕೆ 10 ಲೀಟರ್ ನೀರು ಕೊಡಿ. ಬುಡಕ್ಕೆ ಮಾತ್ರ, ಬೆಳಗ್ಗೆ.

ಗೊಬ್ಬರ: ಸ್ವಲ್ಪ ಸ್ವಲ್ಪ, ಹಲವು ಸಲ

ಜೋರು ಮಳೆಗೆ ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಎಲ್ಲ ಬೇರಿನ ಕೆಳಗೆ ಇಳಿದುಹೋಗುತ್ತವೆ. ಒಂದೇ ಸಲ ಹಾಕಿದ ದೊಡ್ಡ ಪ್ರಮಾಣದ ಗೊಬ್ಬರದಲ್ಲಿ ಹೆಚ್ಚಿನದು ದಂಡ. ಬಲಿತ ಬಳ್ಳಿಗೆ ಚಾಟನಿಯಾದ ಮೇಲೆ ಒಂದು ಬಕೆಟ್ ಕಾಂಪೋಸ್ಟ್, ಚಿಗುರು 5 ಸೆಂಟಿಮೀಟರ್ ಆದಾಗ 10-10-10ರಂಥ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ) ಹರಳು ಗೊಬ್ಬರ 30 ಗ್ರಾಂ, ಮೊದಲ ಸರದಿಯ ಹೂ ಮುಗಿದ ಮೇಲೆ ಮತ್ತೆ 30 ಗ್ರಾಂ, ಇನ್ನಾರು ವಾರಕ್ಕೆ ಪೊಟ್ಯಾಷ್ ಹೆಚ್ಚಿರುವ ಗೊಬ್ಬರ 30 ಗ್ರಾಂ. ಮಂಜು ಹೆಪ್ಪುಗಟ್ಟುವ ಕಾಲಕ್ಕೆ ಎರಡು ತಿಂಗಳು ಇರುವಾಗಲೇ ಸಾರಜನಕ ನಿಲ್ಲಿಸಿ. ಹೆಚ್ಚು ಸಾರಜನಕ ಉಂಡ ಚಿಗುರು ಮೆತ್ತಗೆ ರಸಭರಿತವಾಗಿರುತ್ತದೆ, ಬೂಷ್ಟಿಗೂ ಗಿಡಹೇನಿಗೂ ಅದೇ ಮೊದಲ ತುತ್ತು.

ಹಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಲೀಟರಿಗೆ 20 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ, ಮೋಡವಿರುವ ಒಣ ದಿನ ಎಲೆಗೆ ಸಿಂಪಡಿಸಿ, ಎರಡು ವಾರ ಬಿಟ್ಟು ಇನ್ನೊಮ್ಮೆ. ಹಳದಿ ಹೊಸ ಚಿಗುರಿನಲ್ಲಿದ್ದರೆ ಅದು ಕಬ್ಬಿಣದ ಕೊರತೆ, ಅಥವಾ ಬೇರು ನೀರಿನಲ್ಲಿ ನಿಂತಿದೆ ಅನ್ನುವ ಸೂಚನೆ.

ವರ್ಷದ ಚಾಟನಿ

ಚಳಿ ನಿದ್ದೆಯಿರುವ ಕಡೆ ಚಳಿಗಾಲದ ಕೊನೆಗೆ, ಕಣ್ಣು ಉಬ್ಬುವ ಮುನ್ನ. ಇಲ್ಲದ ಕಡೆ ಜಡಿಮಳೆ ಮುಗಿದು ಹವೆ ಒಣಗತೊಡಗಿದಾಗ. ಎಲ್ಲಿಯೇ ಆಗಲಿ, ಎರಡು ಒಣ ದಿನ ಸಿಗುವ ಸಮಯ ನೋಡಿಕೊಳ್ಳಿ, ಒದ್ದೆ ಗಾಯದಿಂದ ಕೊಂಬೆಗೆ ರೋಗ ಇಳಿಯುತ್ತದೆ. ಕತ್ತರಿ ಹರಿತವಾಗಿರಲಿ, ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ.

ಮೊದಲು ಎಲ್ಲ ಕಟ್ಟು ಬಿಚ್ಚಿ. ಬೇಸರದ ಕೆಲಸವೇ, ಆದರೆ ಬಿಚ್ಚದೆ ನೋಡಿದರೆ ಯಾವುದು ಎಲ್ಲಿಂದ ಬಂದಿದೆ ತಿಳಿಯುವುದಿಲ್ಲ. ಒಣಗಿದ್ದು, ಕಪ್ಪು ಅಥವಾ ನೇರಳೆ ಕಲೆ ಬಿದ್ದದ್ದು, ಪೆನ್ಸಿಲ್‌ಗಿಂತ ಸಣ್ಣದು ಹೋಗಲಿ. ನಾಲ್ಕು ವರ್ಷ ದಾಟಿದ ಬಳ್ಳಿಯಲ್ಲಿ ತೀರಾ ಹಳೆಯದಾಗಿ ತೊಗಟೆ ಬಿರಿದ ಕೊಂಬೆ ಒಂದನ್ನೋ ಎರಡನ್ನೋ ಬುಡದಿಂದ ತೆಗೆದು, ಬುಡದಿಂದ ಎದ್ದ ಹೊಸ ಕೊಂಬೆಗೆ ಆ ಜಾಗ ಕೊಡಿ. ಉಳಿದ ಮುಖ್ಯ ಕೊಂಬೆ 5ರಿಂದ 7 ಸಾಕು. ಕಳೆದ ಸಲ ಹೂ ಬಿಟ್ಟ ಅಡ್ಡಚಿಗುರುಗಳನ್ನು 2ರಿಂದ 3 ಕಣ್ಣಿಗೆ, ಅಂದರೆ ಸುಮಾರು 8ರಿಂದ 10 ಸೆಂಟಿಮೀಟರ್‌ಗೆ ಮೊಟಕುಗೊಳಿಸಿ. ಕಣ್ಣಿನ ಮೇಲೆ 5 ಮಿಲಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಿ. ಆಮೇಲೆ ಎಲ್ಲವನ್ನೂ ಹೊಸದಾಗಿ ಹರಡಿ ಕಟ್ಟಿ. ಕತ್ತರಿಸಿದ್ದು, ಉದುರಿದ್ದು, ಒಂದು ಎಲೆಯನ್ನೂ ಬಿಡದೆ ಗುಡಿಸಿ ತೆಗೆದು ಮಡಿಗೆ ಹೊಸ ಹೊದಿಕೆ ಹಾಸಿ.

ಹೂ ಬಿಡುವ ತಿಂಗಳುಗಳಲ್ಲಿ ಬಾಡಿದ ಹೂವನ್ನು, ಅದರ ಕೆಳಗಿನ ಬಲವಾದ ಎಲೆಯ ತನಕ ತೆಗೆಯುತ್ತಿರಿ. ಒದ್ದೆಯಾಗಿ ಕೂತ ಹಳೆ ಎಸಳಿನಿಂದಲೇ ಬೂದು ಬೂಷ್ಟು ಪಕ್ಕದ ಮೊಗ್ಗಿಗೆ ದಾಟುವುದು. ಕಸಿ ಗಂಟಿನ ಕೆಳಗಿನಿಂದ, ಬೇರಿನಿಂದ ಏಳುವ ಕಳ್ಳಚಿಗುರನ್ನು ಕತ್ತರಿಸಬಾರದು, ಮಣ್ಣು ಕೆದಕಿ ಬೇರಿನಿಂದ ಕಿತ್ತು ತೆಗೆಯಬೇಕು. ಕತ್ತರಿಸಿದರೆ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಒಂದು ಎಲೆಕಡ್ಡಿಯಲ್ಲಿ ಏಳು ಕಿರುಎಲೆಯಿದ್ದರೆ ಕಳ್ಳಚಿಗುರು, ಐದಿದ್ದರೆ ಅಲ್ಲ ಅನ್ನುವ ಲೆಕ್ಕವನ್ನು ನಂಬಬೇಡಿ. ಎಷ್ಟೋ ಒಳ್ಳೆಯ ಬಳ್ಳಿ ತಳಿಗಳಿಗೂ ಏಳು ಕಿರುಎಲೆಯಿರುತ್ತದೆ. ಚಿಗುರು ಎಲ್ಲಿಂದ ಹೊರಟಿದೆ ಅನ್ನುವುದೊಂದೇ ಸರಿಯಾದ ಗುರುತು.

ರೋಗ: ಗುರುತು ಹಿಡಿದೇ ಔಷಧಿ

ಕಪ್ಪು ಚುಕ್ಕೆ ಕೆಳಗಿನ ಎಲೆಯಿಂದ ಶುರು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಚುಕ್ಕೆಯ ಅಂಚು ಗೆರೆ ಎಳೆದಂತೆ ಇರುವುದಿಲ್ಲ, ಒದ್ದೆ ಕಾಗದಕ್ಕೆ ಮಸಿ ಬಿದ್ದಂತೆ ಸಣ್ಣ ಸಣ್ಣ ಎಳೆಯಾಗಿ ಹರಡಿರುತ್ತದೆ. ಸುತ್ತ ಹಳದಿ, ಆಮೇಲೆ ಎಲೆ ಉದುರುತ್ತದೆ. ಸೋಂಕು ತಗುಲಿ ಒಂದೆರಡು ವಾರದಲ್ಲಿ ಚುಕ್ಕೆ ಕಾಣುತ್ತದೆ, ಅಷ್ಟು ಹೊತ್ತಿಗೆ ಆ ಎಲೆಯನ್ನು ಉಳಿಸುವ ಮಾತು ಮುಗಿದಿರುತ್ತದೆ. ಚುಕ್ಕೆ ಬಿದ್ದ ಎಲೆ ಒಣಗಿದ ದಿನ ನೋಡಿ ಕಿತ್ತು ತೆಗೆಯಿರಿ, ಒದ್ದೆಯಿರುವಾಗ ಮುಟ್ಟಿದರೆ ಕೈಯೇ ರೋಗ ಹರಡುತ್ತದೆ. ಎರಡು ವರ್ಷ ದಾಟಿದ ಬಳ್ಳಿಯಲ್ಲಿ ನೆಲದಿಂದ 30 ಸೆಂಟಿಮೀಟರ್‌ವರೆಗಿನ ಎಲೆಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆದುಬಿಡಿ.

ಬೂಜು ತುಪ್ಪಟ ರೋಗ ಇನ್ನೂ ಮೋಸದ್ದು. 15ರಿಂದ 20 ಡಿಗ್ರಿ ಸೆಲ್ಸಿಯಸ್ ತಂಪು, ಬಿಡದ ಮಂಜು ಇದ್ದರೆ ಬರುತ್ತದೆ. ಎಲೆಯ ನರಗಳ ನಡುವೆ ಮೂಲೆಮೂಲೆಯಾದ ನೇರಳೆ ಕಲೆ, ಇನ್ನೂ ಹಸಿರಿರುವಾಗಲೇ ಎಲೆ ಉದುರುತ್ತದೆ, ಮೇಲಿನ ಎಳೆ ಎಲೆಗಳೇ ಮೊದಲು. ಇದನ್ನು ಕಪ್ಪು ಚುಕ್ಕೆ ಎಂದು ತಿಳಿದು ಅದರ ಔಷಧಿ ಹೊಡೆದವರಿಗೆ ಗುಣ ಕಾಣುವುದಿಲ್ಲ, ಎರಡೂ ಬೇರೆ ಜಾತಿಯ ಜೀವಿಗಳು, ಔಷಧಿಯೂ ಬೇರೆ. ಬೂದಿ ರೋಗದ್ದು ಇನ್ನೊಂದು ಬಗೆ: ಎಲೆಯ ಮೇಲೆ ನೀರು ನಿಂತರೆ ಅದರ ಬೀಜಕಣ ಮೊಳೆಯುವುದಿಲ್ಲ, ತೇವದ ಗಾಳಿ ಮತ್ತು ಒಣ ಬೇರು ಸೇರಿದಾಗ ಬರುತ್ತದೆ. ಮಳೆ ತೋಟದಲ್ಲಿ ಬೂದಿ ಕಂಡರೆ ಮೊದಲು ಗೋಡೆಯ ಬುಡಕ್ಕೆ ನೀರು ಕೊಡಿ. ಎಲೆಯಡಿ ಕಿತ್ತಳೆ ಪುಡಿ ಇದ್ದರೆ ತುಕ್ಕು ರೋಗ, ಆ ಎಲೆಗಳನ್ನು ಕಿತ್ತು ತೆಗೆಯಿರಿ.

ಸಿಂಪಡಣೆ ಮಾಡುವವರು ಮೂರು ಮಾತು ನೆನಪಿಡಬೇಕು. ಔಷಧಿ ತಡೆಯುತ್ತದೆ, ಬಂದದ್ದನ್ನು ಅಳಿಸುವುದಿಲ್ಲ, ಆದ್ದರಿಂದ ಎಲೆ ಪೂರ್ತಿ ಬಿಚ್ಚುವಾಗಲೇ ಶುರುಮಾಡಬೇಕು. ಎಲೆಯ ಅಡಿಬದಿಗೂ ತಾಗಬೇಕು, ಹೊಡೆದ ಮೇಲೆ ಕೆಲವು ಗಂಟೆ ಮಳೆ ಬರಬಾರದು. ಒಂದೇ ಔಷಧಿಯನ್ನು ಸಾಲಾಗಿ ಬಳಸಿದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಾಮ್ರದ ಔಷಧಿ ತಂಪಾಗಿ ಒದ್ದೆಯಿರುವ ದಿನ ಎಲೆ ಸುಡುತ್ತದೆ. ಗಂಧಕ ಹೊಡೆದ ಎರಡು ವಾರದೊಳಗೆ ಯಾವ ಎಣ್ಣೆಯನ್ನೂ ಸಿಂಪಡಿಸಬಾರದು. ಪ್ರಮಾಣ ಚೀಟಿಯಲ್ಲಿ ಇದ್ದಷ್ಟೇ ಇರಲಿ. ಹೆಚ್ಚು ಔಷಧಿ ಬೇಡುವ ಬಳ್ಳಿಯನ್ನು ಮೂರು ವರ್ಷ ನೋಡಿ, ಆಮೇಲೆ ತೆಗೆದು ಬೇರೆ ತಳಿ ನೆಡುವುದೇ ಮೇಲು. ಹಳೆ ಕೊಂಬೆಯ ಮೇಲಿನ ಪಾಚಿ, ಕಲ್ಲುಹೂವಿಗೆ ಹೆದರಬೇಕಾಗಿಲ್ಲ, ಅವು ಗಿಡವನ್ನು ತಿನ್ನುವುದಿಲ್ಲ.

ಮೊಗ್ಗಿನ ಆರೈಕೆ, ಹೂ ಕೊಯ್ಲು

ಎರಡು ದಿನ ಮಳೆಯಾಗಿ ಬಿಸಿಲು ಬಂದ ಬೆಳಗ್ಗೆ ಬಳ್ಳಿಯ ಹತ್ತಿರ ಹೋಗಿ. ಮೊದಲು ತಂತಿಯನ್ನು ಮೆಲ್ಲಗೆ ಅಲುಗಿಸಿ ನೀರು ಉದುರಿಸಿ. ಬಣ್ಣ ಕಂಡರೂ ಅರಳದ ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೇಲಿನ ಎಸಳು ಕಂದಾಗಿ ಒದ್ದೆ ಕಾಗದದಂತೆ ಅಂಟಿದ್ದು, ಒಳಗೆ ಗಟ್ಟಿಯಿದ್ದರೆ ಇನ್ನೂ ಉಳಿಸಬಹುದು: ಉಗುರಿನ ತುದಿಯಿಂದ ಹೊರಗಿನ ಎರಡು ಮೂರು ಎಸಳನ್ನು ಬುಡದ ಕಡೆಗೆ ಸುಲಿದು ತೆಗೆಯಿರಿ, ಒಳಗಿನ ಎಸಳು ಹರಿಯದಂತೆ. ಅಂದೇ ಸಂಜೆಗೋ ಮರುದಿನವೋ ಹೂ ಬಿಚ್ಚಿಕೊಳ್ಳುತ್ತದೆ. ಹಿಡಿದಾಗ ಮೆತ್ತಗೆ ನೀರು ಜಿನುಗಿದರೆ ಕತ್ತರಿಸಿ ಎಸೆಯಿರಿ.

ಮಳೆಯ ಮುನ್ಸೂಚನೆ ಇದ್ದರೆ ಹೂವನ್ನು ಗಿಡದಲ್ಲೇ ಬಿಡುವುದು ನಷ್ಟ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಹೊರಗಿನ ಎರಡು ಎಸಳು ಬಿಚ್ಚಿಕೊಂಡ ಹೂಗಳನ್ನು ಕೊಯ್ಯಿರಿ. ಪೂರ್ತಿ ಅರಳಿದ್ದಕ್ಕಿಂತ ಅರೆ ಅರಳಿದ್ದರಲ್ಲಿ ಪರಿಮಳ ಹೆಚ್ಚು. ನೀರಿಗೆ ಮುಳುಗುವ ಎಲೆ ತೆಗೆದು, ದಂಟಿನ ತುದಿ ಓರೆಯಾಗಿ ಕತ್ತರಿಸಿ, ಕುತ್ತಿಗೆಯವರೆಗೆ ನೀರಿನಲ್ಲಿ ಒಂದು ಗಂಟೆ ತಂಪು ಜಾಗದಲ್ಲಿಡಿ. ಆಮೇಲೆ ಮನೆಯ ಬೆಚ್ಚಗಿನ ಕೋಣೆಗೆ ತಂದಿಟ್ಟರೆ, ಹೊರಗಿನ ಚಳಿಯಲ್ಲಿ ಮುದುರಿಕೊಂಡಿದ್ದ ವಾಸನೆ ಅರ್ಧ ಗಂಟೆಯಲ್ಲಿ ಕೋಣೆ ತುಂಬುತ್ತದೆ.